ಕೀಬೋರ್ಡ್ ಜೋಡಿಸಿದ ಕೂಡಲೇ ಕನ್ನಡ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಶಿರಸಿ ಸೀಮೆಯವನು ನಾನು. ಸರಕಾರಿ ಕಚೇರಿಯಲ್ಲಿ 19 ವರ್ಷ ಕಂಪ್ಯೂಟರಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಕಡತ ಟೈಪ್ ಮಾಡಿದ್ದೇನೆ, ಈಗ ನಿವೃತ್ತ. ನಮ್ಮ ತಂದೆಯವರು ಅಡಿಕೆ ತೋಟದ ದಿನಚರಿ ಬರೆದಿಟ್ಟ 14 ನೋಟ್‌ಬುಕ್ಕುಗಳಿವೆ. ಅವನ್ನು ಟೈಪ್ ಮಾಡಿ ಇಡಬೇಕೆಂಬ ಆಸೆ. ಮಗಳು 10 ಇಂಚಿನ ಆಂಡ್ರಾಯ್ಡ್ ಟ್ಯಾಬ್ ಕೊಡಿಸಿದ್ದಾಳೆ. ಅದರ ಪರದೆಯ ಮೇಲೆ ಒಂದು ಪುಟ ಕುಟ್ಟುವಷ್ಟರಲ್ಲಿ ಕುತ್ತಿಗೆ ಸೋಲುತ್ತದೆ, ಬೆರಳು ಎಲ್ಲೆಲ್ಲೋ ಬೀಳುತ್ತದೆ. ಅದಕ್ಕೇ ಒಂದು ಬ್ಲೂಟೂತ್ ಕೀಬೋರ್ಡ್ ತಂದೆ. ಜೋಡಿಸಿದ ಕೂಡಲೇ ಪರದೆಯ ಕೀಬೋರ್ಡ್ ಮಾಯ, ಏನು ಒತ್ತಿದರೂ ಇಂಗ್ಲಿಷ್. ಅಂಗಡಿಯವರು ‘ಇದರಲ್ಲಿ ಕನ್ನಡ ಬರಲ್ಲ ಸಾರ್’ ಅಂತಾರೆ. ಪರದೆಗೇ ಒಗ್ಗಿಕೊಳ್ಳಲೇ, ಬೇರೆ ಕೀಬೋರ್ಡ್ ಕೊಳ್ಳಲೇ? ಇನ್ನೊಂದು: ಹಳೆಯ ನುಡಿ ಫೈಲುಗಳನ್ನು ಟ್ಯಾಬಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ. ಅದೇನು?

ಉತ್ತರ: ಸದ್ಯಕ್ಕೆ ಬೇರೆ ಕೀಬೋರ್ಡ್ ಕೊಳ್ಳಬೇಡಿ. ನೀವು ತಂದಿರುವುದರಲ್ಲಿ ಐಬಿಲ್ಲ. ಅಂಗಡಿಯವರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಏನೆಂದರೆ, ಯಾವ ಕೀಬೋರ್ಡಿನಲ್ಲೂ ಕನ್ನಡ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಕೀಗಳ ಮೇಲೆ ಅಚ್ಚಾಗಿರುವ ಅಕ್ಷರ ನಮ್ಮ ಕಣ್ಣಿನ ಅನುಕೂಲಕ್ಕೆ ಇರುವ ಬಣ್ಣ ಅಷ್ಟೆ. ಕೀ ಒತ್ತಿದಾಗ ಅದು ಟ್ಯಾಬಿಗೆ ಕಳಿಸುವುದು ಒಂದು ಸಂಖ್ಯೆಯನ್ನು: ‘ಇಂಥ ಜಾಗದ ಕೀ ಕೆಳಗೆ ಹೋಯಿತು’. ಬಿಟ್ಟಾಗ ‘ಮೇಲೆ ಬಂತು’. ಆ ಸಂಖ್ಯೆಗೆ ಯಾವ ಅಕ್ಷರ ಮೂಡಬೇಕು ಎಂಬುದನ್ನು ತೀರ್ಮಾನಿಸುವುದು ಟ್ಯಾಬಿನೊಳಗೆ ಇರುವ ಒಂದು ಪಟ್ಟಿ. ಎಡಗೈ ತೋರುಬೆರಳಿನ ಕೆಳಗಿರುವ ‘ಎಫ್’ ಕೀಯನ್ನೇ ನೋಡಿ. ಇಂಗ್ಲಿಷ್ ಪಟ್ಟಿ ಇದ್ದರೆ ಎಫ್ ಬರುತ್ತದೆ. ನುಡಿಯಲ್ಲಾದರೆ ಒತ್ತಕ್ಷರ ಮಾಡುವ ಅರ್ಧಾಕ್ಷರದ ಚಿಹ್ನೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀ ವಿನ್ಯಾಸದಲ್ಲಾದರೆ ಗುಡಿಸು. ಕೀ ಅದೇ, ಬೆರಳು ಅದೇ.

ಪರದೆಯ ಕೀಬೋರ್ಡಿನ ಕಥೆ ಬೇರೆ. ಅದು ಒಂದು ಆ್ಯಪ್. ಗಾಜಿನ ಮೇಲೆ ‘ಕ’ ಎಂದು ಬರೆದಿರುವ ಚೌಕವನ್ನು ನೀವು ಮುಟ್ಟಿದರೆ ಅದು ನೇರವಾಗಿ ‘ಕ’ ಅಕ್ಷರವನ್ನೇ ಒಯ್ದು ನೀವು ಬರೆಯುತ್ತಿರುವ ಕಡೆ ಇಡುತ್ತದೆ. ನಡುವೆ ಸಂಖ್ಯೆ, ಪಟ್ಟಿ ಇಲ್ಲ. ಈಗ ನೀವು ಹೊರಗಿನ ಕೀಬೋರ್ಡ್ ಜೋಡಿಸಿದಿರಿ ಎನ್ನಿ. ಆಂಡ್ರಾಯ್ಡಿನಲ್ಲಿ ಆ ಕೀಗಳ ಸುದ್ದಿಯೂ ಮೊದಲು ಹೋಗುವುದು ಈ ಆ್ಯಪಿನ ಬಳಿಗೇ. ‘ಇಂಥ ಕೀ ಒತ್ತಿದ್ದಾರೆ, ಇದನ್ನು ನೀನು ನೋಡಿಕೊಳ್ಳುತ್ತೀಯಾ?’ ಎಂದು ಕೇಳಿದ ಹಾಗೆ. ಆ್ಯಪ್ ತಯಾರಿಸಿದವರು ಅದಕ್ಕೆ ಉತ್ತರ ಬರೆದಿದ್ದರೆ ಕನ್ನಡ ಬರುತ್ತದೆ. ಬರೆಯದಿದ್ದರೆ ಸುದ್ದಿ ಮುಂದೆ ಸಾಗಿ ಸಿಸ್ಟಮ್ಮಿನ ಪಟ್ಟಿಗೆ ಬರುತ್ತದೆ. ಆ ಪಟ್ಟಿ ಹುಟ್ಟಿನಿಂದ ಇಂಗ್ಲಿಷ್. ನಿಮ್ಮಲ್ಲಿ ಆಗುತ್ತಿರುವುದು ಇದೇ. ಗಾಜಿನ ಮೇಲೆ ಕನ್ನಡ ಚೆನ್ನಾಗಿ ಬಲ್ಲ ಆ್ಯಪು ಹೊರಗಿನ ಕೀಗಳ ವಿಷಯಕ್ಕೆ ಬಂದರೆ ‘ನನಗೆ ಸಂಬಂಧವಿಲ್ಲ’ ಅನ್ನುತ್ತಿದೆ.

ಹಾಗಾದರೆ ಸಿಸ್ಟಮ್ಮಿಗೇ ನುಡಿಯ ಪಟ್ಟಿ ಕೊಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ, ತಡೆದುಕೊಂಡು ಓದಿ.

‘ಇಲಿ’ ಎಂದು ಟೈಪ್ ಮಾಡಿ ನೋಡಿ. ನಿಮ್ಮ ಬೆರಳು ಐ, ಎಲ್, ಐ ಒತ್ತುತ್ತದೆ. ಮೊದಲ ಸಲ ‘ಐ’ ಒತ್ತಿದಾಗ ‘ಇ’ ಬಂತು. ಎರಡನೇ ಸಲ ಅದೇ ಕೀ ಒತ್ತಿದಾಗ ‘ಲ’ಕ್ಕೆ ಗುಡಿಸು ಹತ್ತಿತು. ಹಿಂದೆ ವ್ಯಂಜನ ಇದೆಯೇ ಇಲ್ಲವೇ ಎಂದು ಯಾರೋ ನೋಡಿ ತೀರ್ಮಾನಿಸಿದರು, ಆ ಯಾರೋ ನುಡಿ ತಂತ್ರಾಂಶ. ಕೆ.ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸದ ಜಾಣತನ ಇರುವುದು ಇಲ್ಲೇ. ಸ್ವರಕ್ಕೂ ಅದರ ಗುಣಿತ ಚಿಹ್ನೆಗೂ ಒಂದೇ ಕೀ ಸಾಕಾದ್ದರಿಂದ ಇಡೀ ಕನ್ನಡ ವರ್ಣಮಾಲೆ ಇಂಗ್ಲಿಷಿನ 26 ಕೀಗಳಲ್ಲಿ, ಶಿಫ್ಟ್ ಸೇರಿಸಿಕೊಂಡು, ಕೂತುಬಿಟ್ಟಿತು. ನುಡಿ ತಯಾರಿಸಿದ ಕನ್ನಡ ಗಣಕ ಪರಿಷತ್ತು ಅದನ್ನೇ ಇಟ್ಟುಕೊಂಡಿತು, ಸರಕಾರವೂ ಅದನ್ನೇ ಒಪ್ಪಿತು, ನಿಮ್ಮಂಥ ಸಾವಿರಾರು ನೌಕರರ ಬೆರಳಿಗೆ ಅದೇ ಇಳಿಯಿತು. ಆದರೆ ಬೆಲೆಯೂ ಇದೆ. ‘ಒಂದು ಕೀಗೆ ಒಂದು ಅಕ್ಷರ’ ಎನ್ನುವ ಪೆದ್ದು ಪಟ್ಟಿಯಿಂದ ಈ ವಿನ್ಯಾಸ ನಡೆಯುವುದಿಲ್ಲ. ಹಿಂದಿನ ಅಕ್ಷರ ನೋಡಿ ಯೋಚಿಸುವ ಒಂದು ತಂತ್ರಾಂಶ ಬೇಕೇ ಬೇಕು.

ಇನ್‌ಸ್ಕ್ರಿಪ್ಟ್ ಹಾಗಲ್ಲ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನಲ್ಲಿ 1980ರ ದಶಕದಲ್ಲಿ ರೂಪಿಸಿದ ವಿನ್ಯಾಸ ಅದು: ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚುಕಡಿಮೆ ಬಲಗೈಗೆ. ಅಲ್ಲಿ ‘ಎಫ್’ ಒತ್ತಿದರೆ ಗುಡಿಸು, ಶಿಫ್ಟ್ ಹಿಡಿದು ‘ಎಫ್’ ಒತ್ತಿದರೆ ‘ಇ’. ಯಾವಾಗಲೂ ಹಾಗೆಯೇ, ಹಿಂದೆ ಏನಿದ್ದರೂ. ಯಂತ್ರ ಏನನ್ನೂ ಯೋಚಿಸಬೇಕಾಗಿಲ್ಲ. ವಿಂಡೋಸಿನಂಥ ಸಿಸ್ಟಮ್ಮುಗಳಿಗೆ ಕನ್ನಡವೆಂದರೆ ಮೊದಲು ಇನ್‌ಸ್ಕ್ರಿಪ್ಟೇ ಬಂದದ್ದಕ್ಕೆ ಸರಕಾರಿ ಮಾನಕ ಎಂಬ ಮುದ್ರೆಯ ಜೊತೆಗೆ ಈ ಸರಳತೆಯೂ ಕಾರಣ. ಅಂದರೆ ಮನುಷ್ಯರಿಗೆ ಸುಲಭವಾದದ್ದು ಯಂತ್ರಕ್ಕೆ ತುಸು ಕಷ್ಟ, ಯಂತ್ರಕ್ಕೆ ಸುಲಭವಾದದ್ದು ನಮಗೆ ಕಷ್ಟ. ಟ್ಯಾಬಿನ ಮುಂದೆ ಕೂತ ನೀವು ಸಿಕ್ಕಿಬಿದ್ದಿರುವುದು ಈ ಎರಡರ ನಡುವೆ.

ಆದ್ದರಿಂದ ‘ಪರದೆಯೋ, ಕೀಗಳೋ’ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸುತ್ತೇನೆ. ಮೊದಲು ಕೇಳಬೇಕಾದದ್ದು ಬೆರಳಿಗೆ ಯಾವ ವಿನ್ಯಾಸ ಗೊತ್ತು ಎಂಬುದನ್ನು. ಏನೂ ಗೊತ್ತಿಲ್ಲದವರಿಗೆ ಗಾಜೇ ಒಳ್ಳೆಯ ಗುರು. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಪರದೆಯ ಕೀಬೋರ್ಡಿಗೆ ಇರುವ, ಪ್ಲಾಸ್ಟಿಕ್ ಕೀಗೆ ಎಂದೂ ಬಾರದ ಒಂದು ಶಕ್ತಿಯೆಂದರೆ ಅದು ಮುಖ ಬದಲಿಸಬಲ್ಲದು. ‘ಕ’ ಮುಟ್ಟಿದ ಮರುಗಳಿಗೆ ಸ್ವರಗಳಿದ್ದ ಸಾಲು ಕಾ ಕಿ ಕೀ ಕು ಕೂ ಎಂದು ಕಾಗುಣಿತವಾಗಿಬಿಡುವ ಕೀಬೋರ್ಡುಗಳಿವೆ. ಐಐಟಿ ಮುಂಬಯಿಯ ವಿನ್ಯಾಸ ಶಾಲೆಯವರು ಮಾಡಿದ ಸ್ವರಚಕ್ರದಲ್ಲಿ ವ್ಯಂಜನ ಒತ್ತಿ ಹಿಡಿದರೆ ಅದರ ಸುತ್ತ ಗುಣಿತಾಕ್ಷರಗಳ ಚಕ್ರ ತೆರೆಯುತ್ತದೆ, ಬೆರಳು ಜಾರಿಸಿದ ಕಡೆಯದು ಬೀಳುತ್ತದೆ. ಎರಡನೇ ಕ್ಲಾಸಿನ ಮಗುವೂ ಶಾಲೆಯಲ್ಲಿ ಕಲಿತ ಕಾಗುಣಿತದ ಬಲದಿಂದಲೇ ಟೈಪ್ ಮಾಡಬಹುದು. ನಮ್ಮ ಮನೆಯ ಹಿರಿಯರೊಬ್ಬರು ಕಂಪ್ಯೂಟರ್ ಎಂದರೆ ಮಾರು ದೂರ ನಿಲ್ಲುತ್ತಿದ್ದವರು, ಗಾಜಿನ ಮೇಲೆ ಒಂದೇ ಬೆರಳಲ್ಲಿ ಪುಟಗಟ್ಟಲೆ ಹಬ್ಬದ ಹಾರೈಕೆ ಕಳಿಸುತ್ತಾರೆ. ತಡೆಯುವುದೇ ಕಷ್ಟವಾಗಿದೆ.

ಆದರೆ ನಿಮ್ಮ ಕೆಲಸ ಹಾರೈಕೆಯದಲ್ಲ, ನಕಲಿನದು. ಕಚೇರಿಯಲ್ಲಿ ಕರಡು ಪ್ರತಿ ಎಡಕ್ಕಿಟ್ಟುಕೊಂಡು ಟೈಪ್ ಮಾಡುತ್ತಿದ್ದಾಗ ನಿಮ್ಮ ಕಣ್ಣು ಎಲ್ಲಿರುತ್ತಿತ್ತು? ಕಾಗದದ ಮೇಲೆ. ಕೈಗೆ ಕಣ್ಣು ಬೇಕಿರಲಿಲ್ಲ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಗೀಟು ಉಬ್ಬಿರುತ್ತದಲ್ಲ, ತೋರುಬೆರಳುಗಳು ಅದನ್ನು ತಡವಿ ಮನೆ ಸೇರಿಕೊಳ್ಳುತ್ತಿದ್ದವು. ನುಡಿಯಲ್ಲಿ ಆ ಗೀಟಿನ ಎಫ್ ಕೀಯೇ ಒತ್ತಕ್ಷರದ ಕೀ. ಕನ್ನಡದಲ್ಲಿ ಒತ್ತಕ್ಷರವಿಲ್ಲದೆ ಒಂದು ವಾಕ್ಯ ಮುಗಿಯುವುದು ಕಷ್ಟ, ಅಂಥ ಕೀ ಬೆರಳು ವಿಶ್ರಮಿಸುವ ಜಾಗದಲ್ಲೇ ಇದೆ. ಇದು ಹತ್ತೊಂಬತ್ತು ವರ್ಷ ನಿಮಗೆ ಗೊತ್ತಿಲ್ಲದೆಯೇ ದಕ್ಕಿದ ಸುಖ. ಗಾಜಿನ ಮೇಲೆ ಗೀಟಿಲ್ಲ. ಬೆರಳು ಇಡುವಂತೆಯೂ ಇಲ್ಲ, ಇಟ್ಟರೆ ಅಕ್ಷರ ಬಿತ್ತು. ಹತ್ತೂ ಬೆರಳನ್ನು ಗಾಳಿಯಲ್ಲಿ ತೂಗಿಸಿಕೊಂಡು, ಪ್ರತಿ ಅಕ್ಷರಕ್ಕೂ ನೋಟ್‌ಬುಕ್ಕಿನಿಂದ ಗಾಜಿಗೆ, ಗಾಜಿನ ಕೆಳಭಾಗದಿಂದ ಮೇಲ್ಭಾಗಕ್ಕೆ ಕಣ್ಣು ಓಡಿಸಬೇಕು. ಕುತ್ತಿಗೆ ಸೋಲದೆ ಏನಾಗುತ್ತದೆ? ಬೆರಳು ಎಲ್ಲೆಲ್ಲೋ ಬೀಳುವುದು ವಯಸ್ಸಿನಿಂದಲ್ಲ. ಅಡ್ಡ ಹಿಡಿದ ಟ್ಯಾಬಿನಲ್ಲಿ ಕೀಬೋರ್ಡ್ ಹತ್ತಿರಹತ್ತಿರ ಅರ್ಧ ಪರದೆ ನುಂಗಿ ಕೂತಿರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ವೇಗದ ಲೆಕ್ಕವನ್ನು ಜನ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯ ಮತ್ತು ಕೇಂಬ್ರಿಜ್‌ನ ಸಂಶೋಧಕರು 2018ರಲ್ಲಿ 1,68,000 ಜನರ ಕೀಬೋರ್ಡ್ ಟೈಪಿಂಗ್ ಅಳೆದಾಗ ಸರಾಸರಿ ನಿಮಿಷಕ್ಕೆ 52 ಪದ ಬಂತು. 2019ರಲ್ಲಿ 37,000 ಜನರನ್ನು ಫೋನಿನ ಪರದೆಯ ಮೇಲೆ ಅಳೆದಾಗ ಸುಮಾರು 36 ಪದ. ಎರಡೂ ಇಂಗ್ಲಿಷಿನ ಅಳತೆ, ಎರಡನೆಯದು ಟ್ಯಾಬಿನದೂ ಅಲ್ಲ. ಅದಕ್ಕೇ ನಾನು ಆ ಅಂಕಿಗಳಿಗಿಂತ ಅವರು ಕಂಡ ಇನ್ನೊಂದು ಸಂಗತಿಯನ್ನು ಹೆಚ್ಚು ನೆನಪಿಟ್ಟುಕೊಂಡಿದ್ದೇನೆ. ತಪ್ಪು ತಾನಾಗಿ ತಿದ್ದಿಕೊಳ್ಳುವ ಸೌಲಭ್ಯ ಬಳಸಿದವರು ಬೇಗ ಟೈಪ್ ಮಾಡಿದರು. ಮೇಲಿನ ಸಾಲಿನಲ್ಲಿ ಬರುವ ಪದಗಳ ಸಲಹೆ ನೋಡಿ ನೋಡಿ ಆರಿಸಿಕೊಂಡವರು ನಿಧಾನವಾದರು. ಸಲಹೆ ಓದುವುದಕ್ಕೆ ಹಿಡಿಯುವ ಹೊತ್ತೇ ಟೈಪ್ ಮಾಡುವುದಕ್ಕೂ ಸಾಕಾಗುತ್ತದೆ.

ಕನ್ನಡದಲ್ಲಿ ಈ ಸಲಹೆಯ ಸಾಲು ಇನ್ನಷ್ಟು ಸೋಲುತ್ತದೆ. ‘ನೋಡು’ ಅದಕ್ಕೆ ಗೊತ್ತು. ‘ನೋಡಿಕೊಳ್ಳಬೇಕಾಗಿತ್ತಲ್ಲವೇ’ ಎನ್ನುವುದು ನಮಗೆ ಒಂದೇ ಪದ, ಅದಕ್ಕೆ ಬೆಟ್ಟ ಹತ್ತಿದಂತೆ. ಇನ್ನು ನಿಮ್ಮ ತಂದೆಯವರ ದಿನಚರಿಯಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದದ್ದು, ಸೊಪ್ಪಿನ ಬೆಟ್ಟಕ್ಕೆ ಹೋದದ್ದು, ಕೊಳೆಗೆ ಮದ್ದು ಹೊಡೆದದ್ದು, ಚಾಲಿ ಒಣಗಿಸಿದ್ದು ಎಲ್ಲ ಇರುತ್ತದೆ. ತಾನಾಗಿ ತಿದ್ದುವ ಯಂತ್ರದ ಕೈಗೆ ಈ ಮಾತುಗಳು ಸಿಕ್ಕರೆ ‘ಕೊನೆಗೌಡ’ ‘ಕೊನೆಗೂ’ ಆಗಿ, ‘ಚಾಲಿ’ ‘ಚಾಲ್ತಿ’ಯಾಗಿ ಹೊರಬಂದರೆ ಆಶ್ಚರ್ಯವಿಲ್ಲ. ನಾಲ್ಕು ವರ್ಷ ಬಿಟ್ಟು ಓದುವ ಮೊಮ್ಮಕ್ಕಳಿಗೆ ಅದು ಅಜ್ಜನ ಬರಹದ್ದೋ ಯಂತ್ರದ್ದೋ ತಿಳಿಯುವುದಿಲ್ಲ. ಪರದೆ ಬಳಸಿದರೂ ಸರಿಯೇ, ಈ ಕೆಲಸಕ್ಕೆ ತಾನಾಗಿ ತಿದ್ದುವ ಆಯ್ಕೆಯನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿಬಿಡಿ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ದಾರಿಯನ್ನು ನಿಮಗೆ ಶಿಫಾರಸು ಮಾಡಲಾರೆ. ಬರಹ ತಂತ್ರಾಂಶದ ಕಾಲದಿಂದ ಅದು ಲಕ್ಷಾಂತರ ಜನರನ್ನು ಕನ್ನಡಕ್ಕೆ ತಂದಿದೆ, ನಿಜ. ಆದರೆ ಈಗಿನ ಟ್ಯಾಬುಗಳಲ್ಲಿ ಅದು ಊಹೆಯ ಆಟ. ಬಲೆಯೋ ಬಳೆಯೋ, ಕೊಡುವೋ ಕೋಡೋ ಎಂದು ಯಂತ್ರ ಊಹಿಸಿ ಮುಂದಿಡುತ್ತದೆ, ನೀವು ಪರದೆ ಮುಟ್ಟಿ ಆರಿಸಬೇಕು. ಹೊರಗಿನ ಕೀಬೋರ್ಡ್ ಇಟ್ಟುಕೊಂಡು ಪದಪದಕ್ಕೂ ಕೈ ಎತ್ತಿ ಗಾಜು ಮುಟ್ಟುವುದಾದರೆ ಆ ಕೀಬೋರ್ಡ್ ಯಾಕೆ? ಶ್ರಮವೂ ಹೆಚ್ಚು. ‘ಕನ್ನಡ’ ಎಂದು ಬರೆಯಲು ಇಂಗ್ಲಿಷ್ ಕಾಗುಣಿತದಲ್ಲಿ ಏಳು ಕೀ ಬೇಕು. ನುಡಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ. ಹದಿನಾಲ್ಕು ನೋಟ್‌ಬುಕ್ಕಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಓದಿ ಹೇಳಿದರೆ ಅದೇ ಬರೆದುಕೊಳ್ಳುವುದಿಲ್ಲವೇ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಗೂಗಲ್ 2017ರಿಂದ ಕನ್ನಡದ ಧ್ವನಿಯನ್ನು ಅಕ್ಷರವಾಗಿಸುತ್ತಿದೆ, ಪೇಟೆಯ ಕನ್ನಡದಲ್ಲಿ ಚೆನ್ನಾಗಿಯೇ. ಹವ್ಯಕ ಮಾತು, ತೋಟದ ಮಾತು ಬೆರೆತ ದಿನಚರಿಗೆ ಅದನ್ನು ಹಚ್ಚಿದರೆ ತಿದ್ದುವುದೇ ಹೊಸ ಕೆಲಸವಾಗುತ್ತದೆ. ಒಂದು ಪುಟ ಪ್ರಯತ್ನಿಸಿ ನೋಡಿ, ನಗುವುದಕ್ಕಾದರೂ.

ಈಗ ನಿಮ್ಮ ಟ್ಯಾಬಿಗೆ ಬರೋಣ. ಕೀಬೋರ್ಡ್ ಜೋಡಿಸಿಕೊಂಡು ಸೆಟ್ಟಿಂಗ್ಸಿಗೆ ಹೋಗಿ, ಭಾಷೆ ಮತ್ತು ಇನ್‌ಪುಟ್ ಎಂಬ ಭಾಗ ಹುಡುಕಿ. ಒಬ್ಬೊಬ್ಬ ತಯಾರಕರು ಒಂದೊಂದು ಕಡೆ ಇಟ್ಟಿರುತ್ತಾರೆ, ಸಿಗದಿದ್ದರೆ ಸೆಟ್ಟಿಂಗ್ಸಿನ ಹುಡುಕು ಪಟ್ಟಿಯಲ್ಲಿ ‘ಕೀಬೋರ್ಡ್’ ಎಂದು ಕೊಡಿ. ಅಲ್ಲಿ ‘ಭೌತಿಕ ಕೀಬೋರ್ಡ್’ ಎಂಬ ಸಾಲು ಕಾಣುತ್ತದೆ. ಕೀಬೋರ್ಡ್ ಜೋಡಿಸಿದಾಗ ಮಾತ್ರ ಅದರೊಳಗೆ ನಿಮ್ಮ ಕೀಬೋರ್ಡಿನ ಹೆಸರು ಬರುವುದು, ಇದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ಹುಡುಕುತ್ತಾರೆ. ಅಲ್ಲೇ ಪರದೆಯ ಕೀಬೋರ್ಡನ್ನೂ ತೋರಿಸು ಎಂಬ ಒಂದು ಸ್ವಿಚ್ ಇರುತ್ತದೆ. ಅದನ್ನು ಆನ್ ಮಾಡಿದರೆ ಮಾಯವಾದದ್ದು ಮರಳಿ ಬರುತ್ತದೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ನಿಮ್ಮ ಭಯದಲ್ಲಿ ಅರ್ಧ ಇಲ್ಲೇ ತೀರುತ್ತದೆ.

ಬಳಿಕ ಆ ಹೆಸರನ್ನು ಮುಟ್ಟಿ ವಿನ್ಯಾಸಗಳ ಪಟ್ಟಿ ನೋಡಿ. ಕನ್ನಡ ಕಂಡರೆ ಅದು ಇನ್‌ಸ್ಕ್ರಿಪ್ಟೇ ಇರುವ ಸಾಧ್ಯತೆ ಹೆಚ್ಚು, ಕಾರಣ ಮೇಲೆ ಹೇಳಿದ್ದೇನೆ. ಅದು ನಿಮಗೆ ಬೇಡದಿದ್ದರೆ ಆ್ಯಪುಗಳ ಅಂಗಡಿಯಲ್ಲಿ ಕನ್ನಡ ಕೀಬೋರ್ಡುಗಳನ್ನು ಹುಡುಕಿ. ವಿವರಣೆಯಲ್ಲಿ ಎರಡು ಮಾತು ಒಟ್ಟಿಗೆ ಇವೆಯೇ ನೋಡಿ: ನುಡಿ ಅಥವಾ ಕೆ.ಪಿ. ರಾವ್ ವಿನ್ಯಾಸ ಎಂಬುದು ಒಂದು, ಹೊರಗಿನ ಕೀಬೋರ್ಡಿಗೂ ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಮಾತ್ರ ಇದ್ದರೆ ಅದು ಗಾಜಿನ ಮೇಲಿನ ನುಡಿ, ನಿಮಗೆ ಪ್ರಯೋಜನವಿಲ್ಲ. ಹಾಕಿದ ಮೇಲೆ ಪರೀಕ್ಷೆಗೆ ‘ಇಲಿ’ ಒತ್ತಿ, ಆಮೇಲೆ ‘ಲಕ್ಷ್ಮಿ’ ಒತ್ತಿ. ಎರಡೂ ಸರಿ ಬಂದರೆ ಆ ಆ್ಯಪ್ ಇಟ್ಟುಕೊಳ್ಳಿ.

ಅದೂ ಕೈಕೊಟ್ಟರೆ ಬ್ರೌಸರಿನ ದಾರಿ ಇದೆ. ಕನ್ನಡ ವಿಕಿಪೀಡಿಯದ ಬರೆಯುವ ಚೌಕದಲ್ಲಿ ಅವರದೇ ಇನ್‌ಪುಟ್ ಸಲಕರಣೆ ಇದೆ, ಅದರಲ್ಲಿ ಇನ್‌ಸ್ಕ್ರಿಪ್ಟಿನ ಜೊತೆಗೆ ಗಣಕ ಪರಿಷತ್ತಿನ ವಿನ್ಯಾಸವೂ ಸಿಗುತ್ತದೆ. ಯೋಚಿಸುವ ಕೆಲಸವನ್ನು ಆ ಪುಟವೇ ಮಾಡುವುದರಿಂದ ಸಿಸ್ಟಮ್ಮಿನಲ್ಲಿ ಕನ್ನಡದ ಪಟ್ಟಿ ಬೇಕಾಗಿಲ್ಲ. ಬ್ರೌಸರಿನಲ್ಲಿ ಡೆಸ್ಕ್‌ಟಾಪ್ ಪುಟ ತೆರೆದು ಪ್ರಯತ್ನಿಸಿ. ಅಲ್ಲಿ ಟೈಪ್ ಮಾಡಿ, ನಕಲು ಮಾಡಿಕೊಂಡು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಬಹುದು. ಅಲ್ಲಿ ಉಳಿಸು ಮಾತ್ರ ಒತ್ತಬೇಡಿ, ಅಜ್ಜನ ಕೊನೆಗೌಡ ವಿಶ್ವಕೋಶ ಸೇರಿಬಿಟ್ಟಾನು.

ಇದೆಲ್ಲ ಆದ ಮೇಲೂ ಆಗದಿದ್ದರೆ ಒಂದು ಕಹಿ ಮಾತು. ಈ ಕೆಲಸಕ್ಕೆ ಟ್ಯಾಬೇ ಬೇಕೇ? ಮನೆಯಲ್ಲಿ, ನೆಂಟರಲ್ಲಿ ಮೂಲೆಗೆ ಬಿದ್ದಿರುವ ಹಳೆಯ ವಿಂಡೋಸ್ ಕಂಪ್ಯೂಟರ್ ಇದ್ದರೆ ಅದಕ್ಕೆ ನುಡಿ ಹಾಕಿಕೊಂಡು ಮೊದಲ ದಿನದಿಂದಲೇ ಹಳೆಯ ವೇಗದಲ್ಲಿ ಶುರು ಮಾಡಬಹುದು. ಟ್ಯಾಬು ಓದುವುದಕ್ಕೆ, ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಹಿಗ್ಗಿಸಿ ಅಜ್ಜನ ಮೋಡಿ ಅಕ್ಷರ ಬಿಡಿಸಿಕೊಳ್ಳುವುದಕ್ಕೆ ಬಹಳ ಚೆನ್ನ. ಉಡುಗೊರೆ ಕೊಟ್ಟ ಮಗಳಿಗೆ ಬೇಸರವಾಗದಂತೆ ಹೇಳುವುದು ನಿಮಗೆ ಬಿಟ್ಟದ್ದು. ವಿಂಡೋಸ್ ಇರುವ ಟ್ಯಾಬುಗಳೂ ಇವೆ, ಅವಕ್ಕೆ ಈ ತೊಂದರೆಯೇ ಇಲ್ಲ. ಐಪ್ಯಾಡ್ ಕೊಡಿಸುತ್ತೇನೆ ಎಂದು ಮಗಳು ಹೊರಟರೆ ಮಾತ್ರ ತಡೆಯಿರಿ. 2017ರಿಂದ ಅದರಲ್ಲಿ ಕನ್ನಡ ಕೀಬೋರ್ಡ್ ಇದೆ, ಆದರೆ ಹೊರಗಿನವರು ಮಾಡಿದ ಕೀಬೋರ್ಡ್ ಆ್ಯಪುಗಳಿಗೆ ಅಲ್ಲಿ ಜೋಡಿಸಿದ ಕೀಗಳ ಸುದ್ದಿ ತಲುಪುವುದೇ ಇಲ್ಲ. ಆ್ಯಪಲ್‌ನವರು ಕೊಟ್ಟ ವಿನ್ಯಾಸವೇ ಗತಿ.

ಇನ್‌ಸ್ಕ್ರಿಪ್ಟ್ ಕಲಿಯಲೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟಾರು. ಕಲಿಯಬಹುದು. ಆದರೆ ಟ್ಯಾಬಿಗೆಂದು ಮಾರುವ ಪುಟ್ಟ ಕೀಬೋರ್ಡಿನ ಮೇಲೆ ಬೇಡ. ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್. ಒಂದು ಸಾಲಿಗೆ ಅಂಥ 15 ಕೀಗಳ ಜಾಗ ಬೇಕು, ಹತ್ತಿರಹತ್ತಿರ 28.5 ಸೆಂಟಿಮೀಟರ್. ನಿಮ್ಮ 10 ಇಂಚಿನ ಟ್ಯಾಬಿನ ಉದ್ದವೇ 24–25 ಸೆಂಟಿಮೀಟರ್. ಅದರ ಕವರಿಗೆ ಅಂಟಿಕೊಂಡ ಕೀಬೋರ್ಡ್ ಮಾಡುವಾಗ ಆ ಮೂರು ನಾಲ್ಕು ಸೆಂಟಿಮೀಟರ್ ಎಲ್ಲಿಂದ ತರುವುದು? ಅಂಚಿನ ಕೀಗಳನ್ನು ಹಿಂಡುತ್ತಾರೆ. ಇಂಗ್ಲಿಷಿಗೆ ಅಲ್ಲಿರುವುದು ಅಲ್ಪವಿರಾಮ, ಆವರಣ ಚಿಹ್ನೆ, ಹಿಂಡಿದರೆ ನಷ್ಟವಿಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಬಲ ಅಂಚಿನಲ್ಲೇ ಚ, ಟ, ಡ, ಯ ಕೂತಿವೆ. ‘ಕೊಡು, ಹೊಲ, ಮೊದಲು’ಗಳಲ್ಲಿ ಬರುವ ಒತ್ವ ಎಡಗಡೆ ಮೇಲ್ಮೂಲೆಯಲ್ಲಿದೆ, ಪುಟ್ಟ ಕೀಬೋರ್ಡುಗಳಲ್ಲಿ ಆ ಮೂಲೆಯನ್ನು ಎಸ್ಕೇಪ್ ಕೀಗೋ ಟ್ಯಾಬಿನ ಹೋಮ್ ಬಟನಿಗೋ ಕೊಟ್ಟುಬಿಟ್ಟಿರುತ್ತಾರೆ. ‘ಕೊ’ ಬರೆಯಹೊರಟರೆ ಮುಖಪುಟ ತೆರೆದುಕೊಳ್ಳುತ್ತದೆ! ನುಡಿಯವರಿಗೆ ಈ ಕಷ್ಟವಿಲ್ಲ. 26 ಅಕ್ಷರದ ಕೀಗಳು ಎಂಥ ದರಿದ್ರ ಕೀಬೋರ್ಡಿನಲ್ಲೂ ಇದ್ದೇ ಇರುತ್ತವೆ.

ಕೊಳ್ಳುವ ಮಾತು ಕೊನೆಗೆ ಉಳಿಸಿಕೊಂಡೆ. ಮೊದಲು ಪಕ್ಕದ ಮನೆಯಿಂದ ಯಾವುದಾದರೂ ಹಳೆಯ ಯುಎಸ್‌ಬಿ ಕೀಬೋರ್ಡ್ ಕೇಳಿ ತನ್ನಿ, ಅದನ್ನು ಟ್ಯಾಬಿಗೆ ಜೋಡಿಸುವ ಒಂದು ಒಟಿಜಿ ಅಡಾಪ್ಟರ್ ತನ್ನಿ, ಅದರಿಂದ ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸಿ. ಟ್ಯಾಬಿಗೆ ಬ್ಲೂಟೂತೂ ವೈರೂ ಎರಡೂ ಒಂದೇ, ಕಳಿಸುವ ಸಂಖ್ಯೆ ಅದೇ. ದಿನಕ್ಕೆ ಎರಡು ಗಂಟೆ ಕೂರುವವರಿಗೆ ನಿಜವಾಗಿ ನಾನು ಹೇಳುವುದೂ ವೈರಿನ, ಪೂರ್ತಿ ಅಳತೆಯ ಕೀಬೋರ್ಡನ್ನೇ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಎಷ್ಟಿರುತ್ತದೆಂದು ನಿಮಗೇ ಗೊತ್ತು, ಸೆಲ್ ತೀರಿತು, ಚಾರ್ಜ್ ಇಲ್ಲ ಎಂಬ ರಗಳೆ ಅದಕ್ಕಿಲ್ಲ. ಅದರ ತೊಂದರೆ ಒಂದೇ: ಟ್ಯಾಬಿಗೆ ಇರುವ ಒಂದೇ ಕಿಂಡಿಯನ್ನು ಅದು ಹಿಡಿದುಕೊಳ್ಳುತ್ತದೆ, ಟೈಪ್ ಮಾಡುತ್ತ ಚಾರ್ಜ್ ಮಾಡಲಾಗದು. ಬ್ಲೂಟೂತಿನದಾದರೆ ಸ್ವಲ್ಪ ಹೊತ್ತು ಬಿಟ್ಟರೆ ನಿದ್ದೆ ಹೋಗುತ್ತದೆ, ಎಬ್ಬಿಸಿದ ಮೊದಲ ಒಂದೆರಡು ಅಕ್ಷರ ನುಂಗುತ್ತದೆ. ಹಳೆಯ ಕೈಬರಹ ಬಿಡಿಸಲು ಆಗಾಗ ನಿಲ್ಲುವ ನಿಮಗೆ ಇದು ಗಂಟೆಗೆ ಹತ್ತು ಸಲ ಆಗಬಹುದು. ಶಿಫ್ಟ್ ಕೀ ಒಮ್ಮೆ ತಟ್ಟಿ ಎಬ್ಬಿಸಿಕೊಂಡು ಆಮೇಲೆ ಮುಂದುವರಿಯಿರಿ.

ಕವರಿಗೆ ಅಂಟಿದ ಕೀಬೋರ್ಡ್ ನೋಡಲು ಚೆಂದ, ಕುತ್ತಿಗೆಗೆ ಮಾತ್ರ ಗಾಜಿಗಿಂತ ಹೆಚ್ಚೇನೂ ಒಳ್ಳೆಯದಲ್ಲ. ಪರದೆ ಕೀಗಳ ಪಕ್ಕದಲ್ಲೇ ತಗ್ಗಿನಲ್ಲಿ ನಿಲ್ಲುತ್ತದೆ, ತಲೆ ಬಗ್ಗಲೇಬೇಕು. ಬಿಡಿ ಕೀಬೋರ್ಡಿನ ಲಾಭವೇ ಇದು: ಟ್ಯಾಬನ್ನು ನಾಲ್ಕು ದಪ್ಪ ಪುಸ್ತಕದ ಮೇಲೆ ಸ್ಟ್ಯಾಂಡಿಗೆ ಒರಗಿಸಿ ಕಣ್ಣಿನ ಮಟ್ಟಕ್ಕೆ ಏರಿಸಬಹುದು, ಕೈ ಮೇಜಿನ ಮೇಲೇ ಇರುತ್ತದೆ. ನೋಟ್‌ಬುಕ್ಕನ್ನು ಮಲಗಿಸಿಡಬೇಡಿ, ಟ್ಯಾಬಿನ ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ ಒರಗಿಸಿ. ಮಡಚುವ ಕೀಬೋರ್ಡಿನ ಆಸೆಗೆ ನಾನೊಮ್ಮೆ ಬಿದ್ದಿದ್ದೆ. ಮಡಿಕೆ ಸರಿಯಾಗಿ ನಡುವೆ ಬರುತ್ತದಾದ್ದರಿಂದ ಜಿ ಮತ್ತು ಎಚ್ ಒಂದೊಂದು ದಡದಲ್ಲಿ ನಿಂತಿದ್ದವು, ‘ಹೋಗುವಾಗ’ ಎಂದು ಬರೆಯುವಷ್ಟರಲ್ಲಿ ಹೊಳೆ ದಾಟಿದಷ್ಟು ಆಯಾಸ. ಈಗ ಅದು ಮಕ್ಕಳ ಆಟಿಕೆಯ ಡಬ್ಬಿಯಲ್ಲಿದೆ.

ಗಾಜಿನ ಕೀಬೋರ್ಡನ್ನು ತೆಗೆದುಹಾಕುವುದೂ ಬೇಡ. ಟೈಪ್ ಮುಗಿದ ಮೇಲೆ ಕುರ್ಚಿಗೆ ಒರಗಿ, ಟ್ಯಾಬ್ ಕೈಯಲ್ಲಿ ಹಿಡಿದು ಓದುತ್ತ ತಪ್ಪು ತಿದ್ದುವ ಕೆಲಸವಿದೆಯಲ್ಲ, ಅದಕ್ಕೆ ಅದೇ ಸರಿ. ತಪ್ಪಾದ ಕಡೆ ಮುಟ್ಟಿ, ಒಂದಕ್ಷರ ಬದಲಿಸಿ, ಮುಂದೆ ಹೋಗುವುದು. ಗೂಗಲ್‌ನವರ ಕೀಬೋರ್ಡ್ ಆ್ಯಪಾದ ಜಿಬೋರ್ಡಿನಲ್ಲಿ ಸ್ಪೇಸ್ ಪಟ್ಟಿಯ ಮೇಲೆ ಬೆರಳು ಅಡ್ಡಕ್ಕೆ ಎಳೆದರೆ ಕರ್ಸರ್ ಒಂದೊಂದೇ ಅಕ್ಷರ ಸರಿಯುತ್ತದೆ. ಒತ್ತಕ್ಷರ ತಿದ್ದುವಾಗ ಒಂದು ಎಚ್ಚರ: ‘ಲಕ್ಷ್ಮಿ’ ಕಣ್ಣಿಗೆ ಎರಡೇ ಅಕ್ಷರ, ಒಳಗೆ ಏಳು ತುಣುಕು. ಹಿಂದಕ್ಕೆ ಅಳಿಸುವ ಕೀ ಒಂದು ಸಲಕ್ಕೆ ಒಂದು ತುಣುಕು ಮಾತ್ರ ತಿನ್ನುವುದರಿಂದ ಗುಡಿಸು ಮಾತ್ರ ತಪ್ಪಾಗಿದ್ದರೆ ಒಂದೇ ಸಲ ಒತ್ತಿ ಸರಿಪಡಿಸಬಹುದು, ಇಡೀ ಪದ ಅಳಿಸಬೇಕಾಗಿಲ್ಲ.

ಇನ್ನು ಹಳೆಯ ನುಡಿ ಫೈಲುಗಳ ಗೀಚು. ಫೈಲು ಕೆಟ್ಟಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬರುವ ಮೊದಲು ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗವಿರಲಿಲ್ಲ. ಯುರೋಪಿನ ಅಕ್ಷರಗಳ ಮನೆಯಲ್ಲೇ ಬಾಡಿಗೆಗೆ ಕೂತಿತ್ತು. ಇಂಗ್ಲಿಷಿನ ದೊಡ್ಡ ‘ಪಿ’ ಇರಬೇಕಾದಲ್ಲಿ ‘ಕ’ದ ಒಂದು ಭಾಗ, ತಲೆಯ ಮೇಲೆ ಗೀಟಿರುವ ‘ಎ’ ಇರಬೇಕಾದಲ್ಲಿ ತಲಕಟ್ಟು, ಪೌಂಡಿನ ಗುರುತಿನ ಜಾಗದಲ್ಲಿ ‘ನ’ದ ಭಾಗ, ಹೀಗೆ ಫಾಂಟಿನಲ್ಲಿ ಚಿತ್ರ ಬರೆದಿಟ್ಟಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ನಿಮ್ಮ ಟ್ಯಾಬಿನಲ್ಲಿ ಅದಿಲ್ಲ, ಬಾಡಿಗೆ ಮನೆಯ ಅಸಲಿ ಮಾಲೀಕರೇ ಕಾಣುತ್ತಿದ್ದಾರೆ. ಇಂಥ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು: ‘ಸೂರ್ಯ’, ‘ಕಾರ್ತಿಕ’ಗಳಲ್ಲಿ ಅದು ಕಾಣುವುದು ವ್ಯಂಜನದ ಆಚೆ, ಯೂನಿಕೋಡಿನಲ್ಲಿ ಇರಬೇಕಾದದ್ದು ಈಚೆ. ಅದಲುಬದಲು ಮಾಡುವಾಗ ಪರಿವರ್ತಕ ಎಡವುವುದುಂಟು. ಇನ್ನೊಂದು, ‘ನೋಟ್‌ಬುಕ್’ ಎಂಬಂಥ ಪದಗಳು ‘ನೋಟ್ಬುಕ್’ ಆಗಿ ಒತ್ತಕ್ಷರ ಕಟ್ಟಿಕೊಂಡಿರುತ್ತವೆ, ನಡುವೆ ಕಾಣದೊಂದು ತಡೆ ಹಾಕಿ ಬಿಡಿಸಬೇಕು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಹಳೆಯ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮೂಲದ ಒಂದು ಪ್ರತಿ ಪ್ರಿಂಟ್ ತೆಗೆದುಕೊಂಡು, ಅದನ್ನು ಪಕ್ಕಕ್ಕಿಟ್ಟು ಒಮ್ಮೆ ಸಾಲುಸಾಲಾಗಿ ತಾಳೆ ನೋಡಿ.